ಮೌಸ್ ಮುಟ್ಟುವ ಮೊದಲು

ಕಳೆದ ಅಕ್ಟೋಬರಿನಲ್ಲಿ ನಮ್ಮ ಕಚೇರಿಯಲ್ಲಿ ಒಂದು ಪಂದ್ಯ ನಡೆಯಿತು. ಕಚೇರಿ ಎಂದರೆ ದೊಡ್ಡದೇನಲ್ಲ: ಮೂರು ಮೇಜು, ಮೂರು ಕಂಪ್ಯೂಟರು, ಒಂದು ಕಾಫಿ ಫ್ಲಾಸ್ಕು. ಒಂದು ಮೇಜಿನಲ್ಲಿ ಕಲಾಶಾಲೆ ಮುಗಿಸಿ ಬಂದು ಇನ್ನೂ ವರ್ಷ ತುಂಬದ ಹುಡುಗಿ, ಇನ್ನೊಂದರಲ್ಲಿ ಆರು ವರ್ಷದಿಂದ ಜೊತೆಗಿರುವ ಹುಡುಗ, ಮೂರನೆಯದು ನನ್ನದು. ನಾನು ಈ ಕಸುಬಿಗೆ ಬಿದ್ದದ್ದು 1999ರಲ್ಲಿ, ಒಂದು ಡಿಟಿಪಿ ಅಂಗಡಿಯಲ್ಲಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾರ್ಡು, ಪ್ರಶ್ನೆಪತ್ರಿಕೆ, ಹೀಗೆ ಪೇಜ್‌ಮೇಕರ್‌ನಲ್ಲಿ ಮಾಡದ ಕೆಲಸವಿಲ್ಲ. ಪುಸ್ತಕದ ಮುಖಪುಟದವರೆಗೆ ಬರಲು ನಾಲ್ಕು ವರ್ಷ ಹಿಡಿಯಿತು.

ರಾಜ್ಯೋತ್ಸವದ ಹೊತ್ತು ಕನ್ನಡ ಪುಸ್ತಕಗಳಿಗೆ ಸುಗ್ಗಿ. ಆಗ ಬಂದ ಒಂದು ಕಥಾಸಂಕಲನಕ್ಕೆ ಪ್ರಕಾಶಕರೇ ಪಂದ್ಯ ಹೂಡಿದರು. ಹಳಬರು, ಸಲಿಗೆಯವರು. "ಮೂರೂ ಜನ ಮಾಡಿ. ಯಾವುದು ಯಾರದ್ದು ಅಂತ ಹೇಳಬೇಡಿ, ನಾನು ಆರಿಸ್ತೀನಿ" ಅಂದರು. ಹಸ್ತಪ್ರತಿಯ ಮೇಲ್ ಬಂದ ಐದನೇ ನಿಮಿಷಕ್ಕೆ ಹುಡುಗಿ ಫೋಟೋಶಾಪ್ ತೆರೆದಿದ್ದಳು. ಸಂಜೆ ಹೊತ್ತಿಗೆ ಹದಿನಾಲ್ಕು ಮುಖಪುಟ ತಯಾರು. ಹುಡುಗ ಮಾರನೇ ದಿನ ಮೂರು ತಂದ. ನಾನು ನಾಲ್ಕನೇ ದಿನ ಒಂದೇ ಒಂದು. ಗೆದ್ದವರಾರು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಚಿತ್ರ ನೋಡಿ ಡಿಸೈನರ್‌ನ ಅನುಭವ ಅಳೆಯುವುದು ಕಷ್ಟ. ಹುಡುಗರ ಕೆಲಸ ಎಷ್ಟೋ ಸಲ ನಮ್ಮದಕ್ಕಿಂತ ಚೆಂದವಾಗಿಯೇ ಇರುತ್ತದೆ. ಹೊತ್ತು ಎಲ್ಲೆಲ್ಲಿ ಖರ್ಚಾಯಿತು ಎಂದು ಕೇಳಿ ನೋಡಿ, ಥಟ್ಟನೆ ಗೊತ್ತಾಗುತ್ತದೆ. ಹೊಸಬರ ಹೊತ್ತೆಲ್ಲ ಪರದೆಯ ಮುಂದೆ ಹೋಗಿರುತ್ತದೆ. ವರ್ಷಗಳು ಕಳೆದಂತೆ ಆ ಹೊತ್ತು ಪರದೆಗೆ ಮುಂಚಿನ ಕೆಲಸಕ್ಕೂ ಪರದೆಯ ನಂತರದ ಕೆಲಸಕ್ಕೂ ಹಂಚಿಹೋಗುತ್ತದೆ. ಈ ಹಂಚಿಕೆ ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಒಂದೊಂದೂ ಒಂದೊಂದು ಪೆಟ್ಟು ತಿಂದು ಬಂದದ್ದು.

1. ಹಸ್ತಪ್ರತಿ ಓದಿ

ನನ್ನ ಮೊದಲ ವರ್ಷಗಳಲ್ಲಿ ಶೀರ್ಷಿಕೆ ಓದಿದರೆ ಪುಸ್ತಕ ಓದಿದ ಹಾಗೆ ಅಂದುಕೊಂಡಿದ್ದೆ. ಶೀರ್ಷಿಕೆಯಲ್ಲಿ ಹಕ್ಕಿ ಇದ್ದರೆ ಹಕ್ಕಿ, ಮಳೆ ಇದ್ದರೆ ಮಳೆ. ಒಮ್ಮೆ ಕೋಲಾರದ ಕಡೆಯ ಲೇಖಕರೊಬ್ಬರ ಕಾದಂಬರಿ ಬಂತು. ಹೆಸರಿನಲ್ಲಿ 'ಬಾವಿ' ಎಂಬ ಮಾತಿತ್ತು. ಕಲ್ಲುಕಟ್ಟೆಯ ಬಾವಿ, ರಾಟೆ, ಹಗ್ಗ, ಅಂಚಿನಲ್ಲಿ ಹಿತ್ತಾಳೆ ಬಿಂದಿಗೆ, ಒಳಗೆ ಬಿದ್ದ ಚಂದ್ರನ ನೆರಳು, ಎಲ್ಲ ಸೇರಿಸಿ ಎರಡು ದಿನ ಕೂತು ಬರೆದೆ. ಲೇಖಕರು ಪ್ರಿಂಟೌಟ್ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗೈತೆ ಸಾರ್. ಆದ್ರೆ ನಮ್ಮೂರ ಕಡೆ ಇಂಥಾ ಬಾವಿ ಎಲ್ಲಿ ಉಳ್ದೈತೆ? ಕತೆಯಲ್ಲಿ ಬರೋದು ಬೋರು. ಸಾವಿರದಿನ್ನೂರು ಅಡಿ ಕೊರೆದ್ರೂ ನೀರು ಸಿಗದ ಬೋರು."

ಅವರು ಸಿಟ್ಟಾಗಲಿಲ್ಲ. ಅದೇ ಹೆಚ್ಚು ನಾಚಿಕೆ ತಂದಿತು. ಹಸ್ತಪ್ರತಿ ಮನೆಗೆ ಒಯ್ದು ಓದಿದೆ. ಮೂರನೇ ಅಧ್ಯಾಯದಲ್ಲಿ ಬೋರ್‌ವೆಲ್ ಲಾರಿ ಬಂದು ಹೋದ ಮೇಲೆ ಅಂಗಳದ ತುಳಸಿಕಟ್ಟೆ, ಒಣಹಾಕಿದ ಬಟ್ಟೆ, ಎಮ್ಮೆಯ ಬೆನ್ನು ಎಲ್ಲದರ ಮೇಲೂ ಬೂದುಬಣ್ಣದ ಕಲ್ಲುಪುಡಿ ಕೂತಿರುತ್ತದೆ. ಮುಖಪುಟ ಅಲ್ಲಿತ್ತು. ಪೂರ್ತಿ ಬೂದು ಹರಡಿ, ಅದರ ಮೇಲೆ ಬೆರಳಿನಿಂದ ಗೀಚಿದ ಹಾಗೆ ಹೆಸರು ಬರೆದೆ. ಅರ್ಧ ದಿನದ ಕೆಲಸ.

ಅಂದಿನಿಂದ ನನ್ನ ನಾಲ್ಕು ದಿನದಲ್ಲಿ ಎರಡು ದಿನ ಓದಿಗೆ. ಆ ಎರಡು ದಿನ ನನ್ನನ್ನು ನೋಡಿದವರಿಗೆ ಸೋಮಾರಿಯ ಹಾಗೆ ಕಾಣುತ್ತೇನೆ. ಕಾಲು ಚಾಚಿಕೊಂಡು ಕಾಗದ ತಿರುವುತ್ತಿರುತ್ತೇನೆ. ಹುಡುಗಿ ಒಂದು ದಿನ ಕೇಳಿಯೇಬಿಟ್ಟಳು, "ಸರ್, ಶುರು ಯಾವಾಗ ಮಾಡ್ತೀರಾ?"

2. ಚೊಂಬಿನ ಪ್ರಶ್ನೆಗಳು

1958ರಲ್ಲಿ ಭಾರತ ಸರ್ಕಾರದ ಕರೆಯ ಮೇರೆಗೆ ಬಂದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಒಂದು ವರದಿ ಬರೆದುಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಆ ವರದಿಯೇ ಬುನಾದಿ. ಅದರಲ್ಲಿ ಅವರು ಮನಸೋತು ಬರೆದಿರುವುದು ನಮ್ಮ ಮನೆಮನೆಯ ಚೊಂಬಿನ ಬಗ್ಗೆ. (ನಮ್ಮಲ್ಲಿ ಯಾರಾದರೂ 'ಚೊಂಬು ಕೊಟ್ಟರು' ಎಂದರೆ ಅರ್ಥವೇ ಬೇರೆ; ಆ ದಂಪತಿಗೆ ಅದು ಗೊತ್ತಿರಲಾರದು.) ಎಷ್ಟು ನೀರು ಹಿಡಿಯಬೇಕು, ಹೊರುವ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಖಾಲಿಯಾದಾಗ ಎಲ್ಲಿ, ಸುರಿಯುವಾಗ ನೀರು ಹೇಗೆ ಬೀಳುತ್ತದೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾ ಹೋಗುತ್ತಾರೆ. ಉತ್ತರ ಕಡಿಮೆ, ಪ್ರಶ್ನೆ ಜಾಸ್ತಿ.

ಮುಖಪುಟಕ್ಕೂ ನಾನು ಇಂಥದೊಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಈ ಪುಸ್ತಕವನ್ನು ಓದುಗ ಮೊದಲು ನೋಡುವುದು ಅಂಗಡಿಯ ಕಪಾಟಿನಲ್ಲೋ, ವಾಟ್ಸಾಪ್‌ನಲ್ಲೋ? ಕಪಾಟಿನಲ್ಲಾದರೆ ಕಾಣುವುದು ಬೆನ್ನು ಮಾತ್ರ. ಫೋನಿನಲ್ಲಾದರೆ ಮುಖಪುಟ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಅಷ್ಟರಲ್ಲೇ ಹೆಸರು ಓದಲು ಬರಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋಗುವ ಪುಸ್ತಕವಾದರೆ ಇನ್ನೊಂದು ಲೆಕ್ಕ. ಅದು ನೂರಾರು ಕೈ ದಾಟಬೇಕು, ಹಾಗಾಗಿ ಅಚ್ಚಬಿಳಿ ಹಿನ್ನೆಲೆ ಬೇಡ.

ಇಷ್ಟು ಪ್ರಶ್ನೆ ಕಲಿಯಲು ಐದು ವರ್ಷ ಸಾಕಾಯಿತು. ಕೊನೆಯ ಪ್ರಶ್ನೆಗೆ ಇನ್ನೂ ಐದು ವರ್ಷ ಬೇಕಾಯಿತು: "ಕೊನೆಗೆ ಓಕೆ ಅನ್ನುವವರು ಯಾರು?" ಪ್ರಕಾಶಕರು ಒಪ್ಪಿ, ಲೇಖಕರು ಒಪ್ಪಿ, ಪ್ಲೇಟಿಗೆ ಕಳಿಸುವ ಹಿಂದಿನ ರಾತ್ರಿ ನ್ಯೂಜೆರ್ಸಿಯಲ್ಲಿರುವ ಅಳಿಯಂದಿರಿಂದ ಫೋನ್ ಬರುತ್ತದೆ. ಹಾಗೆ ಮೂರು ಮುಖಪುಟ ಕಳೆದುಕೊಂಡಿದ್ದೇನೆ. ಈಗ ಮೊದಲ ಕರಡನ್ನೇ ಅಳಿಯಂದಿರಿಗೂ ಕಳಿಸಿ ಅಂತ ನಾನೇ ಹೇಳುತ್ತೇನೆ.

3. ಹದಿನಾಲ್ಕು ಮಾಡಿ, ಎರಡು ತೋರಿಸಿ

ಪಾಲ್ ರ‍್ಯಾಂಡ್ ಎಂಬ ಮಹಾಶಯ 1986ರಲ್ಲಿ ಸ್ಟೀವ್ ಜಾಬ್ಸ್‌ನ ನೆಕ್ಸ್ಟ್ ಕಂಪನಿಗೆ ಲಾಂಛನ ಮಾಡಿಕೊಟ್ಟ. ನಾಲ್ಕಾರು ಮಾದರಿ ತೋರಿಸುತ್ತೀಯಾ ಎಂದದ್ದಕ್ಕೆ ಇಲ್ಲ ಎಂದ. ಒಂದೇ ಮಾಡಿಕೊಡುತ್ತೇನೆ, ಬಳಸುವುದು ಬಿಡುವುದು ನಿನಗೆ ಸೇರಿದ್ದು, ದುಡ್ಡು ಮಾತ್ರ ಕೊಡಬೇಕು ಎಂದ. ಪಡೆದದ್ದು ಒಂದು ಲಕ್ಷ ಡಾಲರ್. ಆ ಹೊತ್ತಿಗೆ ಅವನಿಗೆ ಎಪ್ಪತ್ತು ದಾಟಿತ್ತು, ಐಬಿಎಂನ ಲಾಂಛನ ಅವನ ಬೆನ್ನಿಗಿತ್ತು. ಈ ಕತೆ ಓದಿ ಎರಡನೇ ವರ್ಷಕ್ಕೇ "ನಾನು ಒಂದೇ ಆಪ್ಷನ್ ಕೊಡೋದು" ಎನ್ನುವ ಹುಡುಗರನ್ನು ಕಂಡಿದ್ದೇನೆ. ಆರು ತಿಂಗಳಲ್ಲಿ ಅವರು ಬೇರೆ ಕೆಲಸ ಹುಡುಕುತ್ತಿದ್ದರು.

ನನ್ನ ಮಾತು ಇಷ್ಟೇ: ಹೊಸಬರು ಹದಿನಾಲ್ಕು ಮಾಡಬೇಕು, ಇಪ್ಪತ್ತು ಮಾಡಿದರೂ ಸರಿ. ಮೊದಲ ಐದು ಎಲ್ಲರಿಗೂ ಹೊಳೆಯುವಂಥವು. ಅವು ಹೊರಗೆ ಬಿದ್ದು ಹೋಗಬೇಕು. ಆದರೆ ಹದಿನಾಲ್ಕನ್ನೂ ಗಿರಾಕಿಯ ಮುಂದೆ ಹರವಿದಿರೋ, ಮೂರನೆಯದರ ತಲೆ, ಏಳನೆಯದರ ಕೈ, ಹನ್ನೊಂದನೆಯದರ ಬಣ್ಣ ಸೇರಿಸಿ ಒಂದು ಮಾಡಿಕೊಡಿ ಎನ್ನುತ್ತಾರೆ. ತಪ್ಪು ಅವರದಲ್ಲ. ಆರಿಸುವ ಕೆಲಸ ನಮ್ಮದಾಗಿತ್ತು, ಅದನ್ನು ಅವರ ಮೇಲೆ ಹಾಕಿದ್ದೇವೆ.

4. ಕನ್ನಡದ ಅಕ್ಷರಕ್ಕೆ ಕನ್ನಡದ ಅಳತೆ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಒಬ್ಬ ಡಿಸೈನರ್ ಕನ್ನಡದಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದಾನೆ ಎಂದು ನಾನು ಒಂದು ಪುಟ ನೋಡಿ ಹೇಳಬಲ್ಲೆ.

ನಾವು ಬಳಸುವ ತಂತ್ರಾಂಶಗಳೆಲ್ಲ ಹುಟ್ಟಿದ್ದು ಇಂಗ್ಲಿಷಿಗೆ. ಸಾಲುಗಳ ನಡುವಿನ ಅಂತರ ತಾನಾಗಿ ಅಕ್ಷರದ ಗಾತ್ರದ ಶೇ. 120ಕ್ಕೆ ನಿಂತಿರುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. 'ರಾಷ್ಟ್ರ' ಎಂದು ಬರೆದು ನೋಡಿ. ಟ, ರ ಎರಡೂ ಒತ್ತಾಗಿ ಕೆಳಗಿಳಿದಿರುತ್ತವೆ. ಅದರ ಕೆಳಗಿನ ಸಾಲಿನಲ್ಲಿ ಸರಿಯಾಗಿ ಅಲ್ಲಿಯೇ 'ಕೀರ್ತಿ'ಯ ಗುಡಿಸಿನ ದೀರ್ಘ ಬಂದರೆ ಎರಡೂ ಡಿಕ್ಕಿ. ನಾನು ಒಳಪುಟಗಳಿಗೆ 11 ಪಾಯಿಂಟಿನ ಅಕ್ಷರಕ್ಕೆ 16 ಪಾಯಿಂಟಿನ ಸಾಲಂತರ ಕೊಡುತ್ತೇನೆ. ಪ್ರಕಾಶಕರು ಪುಟ ಹೆಚ್ಚಾಯಿತು ಎನ್ನುತ್ತಾರೆ. ಅರ್ಧ ಪಾಯಿಂಟು ಅವರಿಗೆ ಬಿಟ್ಟುಕೊಡುತ್ತೇನೆ, ಅದಕ್ಕಿಂತ ಹೆಚ್ಚು ಬಿಡುವುದಿಲ್ಲ.

ನಮಗೆ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಒತ್ತು ಕೊಡಬೇಕಾದ ಮಾತನ್ನು ಹೊಸಬರು ಕೂಡಲೇ ಬೋಲ್ಡ್ ಮಾಡುತ್ತಾರೆ. ಕನ್ನಡದ ಅಕ್ಷರ ಗುಂಡಗೆ, ಒಳಗೆ ಪುಟ್ಟಪುಟ್ಟ ಕಣ್ಣುಗಳು. ದಪ್ಪ ಮಾಡಿದರೆ ಅಗ್ಗದ ಕಾಗದದಲ್ಲಿ ಶಾಯಿ ಹರಡಿ ಆ ಕಣ್ಣು ಮುಚ್ಚಿ ಹೋಗುತ್ತದೆ. ಪ ಯಾವುದು ಷ ಯಾವುದು ಎಂದು ಓದುಗ ಊಹಿಸಬೇಕು. ದಪ್ಪದ ಬದಲು ಒಂದೂವರೆ ಪಾಯಿಂಟು ದೊಡ್ಡದು ಮಾಡಿ, ಸುತ್ತ ಜಾಗ ಬಿಡಿ.

ಇನ್ನು ಹಸ್ತಪ್ರತಿಗಳ ವಿಷಯ. ಇವತ್ತಿಗೂ ಅರ್ಧಕ್ಕರ್ಧ ಲೇಖಕರು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ಕಳಿಸುತ್ತಾರೆ. ಅದನ್ನು ಯೂನಿಕೋಡಿಗೆ ತಿರುಗಿಸಿದಾಗ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ದೀರ್ಘ ಕಳಚಿ ಬೀಳುತ್ತದೆ. ಎಲ್ಲಕ್ಕಿಂತ ಕಳ್ಳ ಎಂದರೆ ಸೊನ್ನೆ. ಟೈಪ್ ಮಾಡುವವರು ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಒತ್ತಿರುತ್ತಾರೆ. ಕಣ್ಣಿಗೆ 'ಬ೦ತು', 'ಬಂತು' ಎರಡೂ ಒಂದೇ ಥರ. ಹುಡುಕಲು ಹೋದರೆ ಸಿಗುವುದಿಲ್ಲ. ಇಂಥ ಹನ್ನೆರಡು ಕಳ್ಳರ ಪಟ್ಟಿ ನನ್ನ ಮೇಜಿನ ಗಾಜಿನ ಕೆಳಗಿದೆ. ಪುಟವಿನ್ಯಾಸ ಶುರುವಾಗುವ ಮುಂಚೆ ಒಂದೊಂದನ್ನೇ ಹುಡುಕಿ ಬದಲಿಸುವುದು ಅರ್ಧ ಗಂಟೆಯ ಕೆಲಸ. ಪುಟ ಕೂರಿಸಿದ ಮೇಲೆ ಹುಡುಕಿದರೆ ಮೂರು ದಿನ.

ಬುದ್ಧಿ ಹೇಳುವ ನಾನೇ ಮುಗ್ಗರಿಸಿದ್ದೂ ಉಂಟು. ತಂತ್ರಾಂಶದಲ್ಲಿ ಭಾರತೀಯ ಲಿಪಿ ಜೋಡಿಸುವ ಆಯ್ಕೆ ಪ್ರತ್ಯೇಕ ಇರುತ್ತದೆ. ಇನ್‌ಡಿಸೈನ್‌ನಲ್ಲಾದರೆ 'ವರ್ಲ್ಡ್ ರೆಡಿ ಕಂಪೋಸರ್'. ಹೊಸ ಕಂಪ್ಯೂಟರಿನಲ್ಲಿ ಅದನ್ನು ಆನ್ ಮಾಡಲು ಮರೆತೆ. ಬಡಾವಣೆಯ ರಾಜ್ಯೋತ್ಸವದ ಬ್ಯಾನರು, ಅರ್ಜೆಂಟು, ಪ್ರೂಫ್ ನೋಡಲಿಲ್ಲ. ಬೆಳಿಗ್ಗೆ ಹೋದರೆ ಇಪ್ಪತ್ತು ಅಡಿಯ ಫ್ಲೆಕ್ಸಿನಲ್ಲಿ 'ಕನ್‌ನಡ' ಎಂದು ತೂಗಾಡುತ್ತಿತ್ತು. ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವರು ಯಾರೂ ಗಮನಿಸಿರಲಿಲ್ಲ. ನನಗೆ ಅದೇ ಸಮಾಧಾನ, ಅದೇ ದುಃಖ.

5. ಪ್ರೆಸ್ಸಿನ ಮೆಟ್ಟಿಲು

ಫೈಲು ಕಳಿಸಿದರೆ ಕೆಲಸ ಮುಗಿಯಿತು ಎಂದು ನಂಬಿದ್ದ ಕಾಲವೊಂದಿತ್ತು. ಕರಿ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ನೆರಳು ಮೂಡಿದ ಪ್ರತಿ ಕೈಗೆ ಬಂದಾಗ ಜಗಳಕ್ಕೆ ಪ್ರೆಸ್ಸಿಗೆ ಹೋದೆ. ಮಷಿನ್‌ಮನ್ ಮಾತಾಡಲಿಲ್ಲ. ಜೇಬಿನಿಂದ ಹರಳಿನಷ್ಟು ಚಿಕ್ಕ ಭೂತಗನ್ನಡಿ ತೆಗೆದು ಹಾಳೆಯ ಮೇಲಿಟ್ಟು, "ನೋಡಿ ಸಾರ್" ಅಂದರು. ಬಗ್ಗಿ ಕಣ್ಣಿಟ್ಟೆ. ನನ್ನ ಒಂದು ಕಪ್ಪು ಅಕ್ಷರ ನಾಲ್ಕು ಬಣ್ಣಗಳ ಚುಕ್ಕೆಗಳ ರಾಶಿಯಾಗಿತ್ತು. ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕೂ ಒಂದರ ಮೇಲೊಂದು ಕೂರಬೇಕಿತ್ತು, ಕೂದಲೆಳೆಯಷ್ಟು ಸರಿದಿದ್ದವು. "ಅಕ್ಷರಕ್ಕೆ ಬರೀ ಕಪ್ಪು ಕೊಡಿ, ಒಂದೇ ಪ್ಲೇಟು. ನಾಲ್ಕು ಕೊಟ್ರೆ ನಾಲ್ಕು ಸರೀತಾವೆ. ಕಾಗದ ಹಿಗ್ಗುತ್ತೆ ಕುಗ್ಗುತ್ತೆ, ಅದು ಮನುಷ್ಯ ಇದ್ದಂಗೆ." ಅವತ್ತು ಅಲ್ಲಿಯೇ ಮಧ್ಯಾಹ್ನದವರೆಗೆ ನಿಂತೆ. ಪರದೆಯ ಮೇಲೆ ಹೊಳೆಯುವ ಗಿಳಿಹಸಿರು ಕಾಗದಕ್ಕೆ ಇಳಿಯುವುದೇ ಇಲ್ಲ, ಮ್ಯಾಟ್ ಲ್ಯಾಮಿನೇಷನ್ ಹಾಕಿದ ಮೇಲೆ ಬಣ್ಣ ಇನ್ನಷ್ಟು ಮಂಕಾಗುತ್ತದೆ, ಅಂಚಿನವರೆಗೆ ಬಣ್ಣ ಬೇಕಿದ್ದರೆ ಮೂರು ಮಿಲಿಮೀಟರು ಆಚೆಗೂ ಹರಡಿರಬೇಕು. ಇದೆಲ್ಲ ನನಗೆ ದಕ್ಕಿದ್ದು ಆ ಮೆಟ್ಟಿಲ ಮೇಲೆ.

ಬೆನ್ನಿನ ಪಾಠ ದುಬಾರಿಯಾಯಿತು. ಕನ್ನಡ ಪುಸ್ತಕಗಳ ಒಳಪುಟದಲ್ಲಿ 'ಡೆಮಿ 1/8, 70 ಜಿ.ಎಸ್.ಎಂ. ಮ್ಯಾಪ್‌ಲಿಥೋ' ಎಂದು ಸಣ್ಣಕ್ಷರದಲ್ಲಿ ಇರುತ್ತದಲ್ಲ, ಓದುಗರು ಅದನ್ನು ದಾಟಿಕೊಂಡು ಹೋಗುತ್ತಾರೆ. ನಮಗೆ ಅದೇ ಜಾತಕ. 240 ಪುಟ ಎಂದರೆ 16 ಪುಟದ 15 ಫಾರಂ, 120 ಹಾಳೆ. ಆ ಕಾಗದದಲ್ಲಿ ಬೆನ್ನು ಸುಮಾರು 11 ಮಿಲಿಮೀಟರು. ಲೆಕ್ಕ ಹಾಕಿ ಬಿಳಿ ಮುಖಪುಟಕ್ಕೆ ಕಡುಗಪ್ಪು ಬೆನ್ನು ಕೊಟ್ಟೆ. ಕೊನೇ ಗಳಿಗೆಯಲ್ಲಿ ಕಾಗದದ ರೇಟು ಏರಿತೆಂದು 60 ಜಿ.ಎಸ್.ಎಂ.ಗೆ ಇಳಿಸಿದರು, ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆನ್ನು ಸಣ್ಣದಾಯಿತು. ಮಿಕ್ಕ ಕಪ್ಪು ಎರಡೂ ಕಡೆ ಮುಖಪುಟದ ಮೇಲೆ ಬಗ್ಗಿ ಬಂತು. ಸಾವಿರ ಪ್ರತಿಯಲ್ಲೂ ಸಾವಿನ ಪತ್ರದ ಹಾಗೆ ಕರಿ ಗೆರೆ. ಪುಸ್ತಕ ಒಂದು ಅಭಿನಂದನ ಗ್ರಂಥ.

ಈಗ ಎರಡು ನಿಯಮ. ಬೆನ್ನಿಗೆ ಬೇರೆ ಬಣ್ಣ ಕೊಡುವುದಿಲ್ಲ. ಮುಖಪುಟದ ಬಣ್ಣವೇ ಬೆನ್ನು ದಾಟಿ ಹಿಂದಕ್ಕೆ ಹರಿಯುತ್ತದೆ, ಆಗ ಒಂದು ಮಿಲಿಮೀಟರು ಆಚೀಚೆ ಆದರೂ ಯಾರಿಗೂ ಕಾಣುವುದಿಲ್ಲ. ಎರಡನೆಯದು, ಅದೇ ಕಾಗದದ ಖಾಲಿ ಹಾಳೆಗಳನ್ನು ಅಷ್ಟೇ ಪುಟಕ್ಕೆ ಮಡಿಸಿ ಕಟ್ಟಿದ ಡಮ್ಮಿಯೊಂದನ್ನು ಬೈಂಡಿಂಗಿನವರಿಂದ ತರಿಸಿಕೊಂಡು ಸ್ಕೇಲಿಟ್ಟು ಅಳೆಯುತ್ತೇನೆ.

6. ಫೈಲಿನ ಹೆಸರು

'ಫೈನಲ್', 'ಫೈನಲ್ 2', 'ಫೈನಲ್ ಪಕ್ಕಾ', 'ಇದೇ ಫೈನಲ್'. ಫೋಲ್ಡರ್ ತೆರೆದು ಇಷ್ಟು ಕಂಡರೆ ಹುಡುಗನಿಗೆ ಎರಡು ವರ್ಷದ ಅನುಭವ. ತಾರೀಖು ಹಾಕಿ ಹೆಸರಿಟ್ಟಿದ್ದರೆ ಒಮ್ಮೆಯಾದರೂ ತಪ್ಪು ಫೈಲು ಅಚ್ಚಾಗಿದೆ ಎಂದು ತಿಳಿಯಿರಿ.

7. "ಸ್ವಲ್ಪ ದೊಡ್ಡದು ಮಾಡಿ"

ಈ ಮಾತು ಕೇಳದ ಡಿಸೈನರ್ ಭೂಮಿಯ ಮೇಲಿಲ್ಲ. ಮೊದಲು ನಾನು ದೊಡ್ಡದು ಮಾಡುತ್ತಿದ್ದೆ. ಆಮೇಲೆ ಕೆಲವು ವರ್ಷ ಜಗಳ ಮಾಡುತ್ತಿದ್ದೆ. ಆ ವರ್ಷಗಳಲ್ಲಿ ಕೆಲಸವೂ ಕಡಿಮೆಯಾಯಿತು. ಈಗ, "ಯಾವುದು ಕಾಣ್ತಿಲ್ಲ ಸರ್?" ಎಂದು ಕೇಳುತ್ತೇನೆ. ಹೆಸರು ದೊಡ್ಡದಾಗಬೇಕು ಎಂದು ಹಟ ಹಿಡಿದ ಹಿರಿಯ ಕವಿಯೊಬ್ಬರ ಮನೆಗೆ ಪ್ರಿಂಟ್ ಒಯ್ದಿದ್ದೆ. ಕಂದು ಹಿನ್ನೆಲೆಯ ಮೇಲೆ ಕಡುಗೆಂಪು ಅಕ್ಷರ. ನನ್ನ ಕಣ್ಣಿಗೆ ಸೊಗಸಾಗಿತ್ತು. ಅವರ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರವನ್ನು ಕೆನೆಬಣ್ಣ ಮಾಡಿದೆ, ಗಾತ್ರ ಮುಟ್ಟಲಿಲ್ಲ. "ಈಗ ದೊಡ್ಡದಾಯ್ತು ನೋಡಿ" ಎಂದು ಖುಷಿಪಟ್ಟರು. ಅವರ ಓದುಗರೂ ಹೆಚ್ಚುಕಡಿಮೆ ಅವರ ವಯಸ್ಸಿನವರೇ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

8. ಒಂದು ರಾತ್ರಿ ಬಿಡಿ

ದೋಸೆ ಹಿಟ್ಟಿಗೆ ಕೊಟ್ಟಷ್ಟು ಹೊತ್ತನ್ನಾದರೂ ಮುಖಪುಟಕ್ಕೆ ಕೊಡಿ. ಬೆಳಿಗ್ಗೆ ಎದ್ದು ಪ್ರಿಂಟನ್ನು ತಲೆಕೆಳಗಾಗಿ ಗೋಡೆಗೆ ಅಂಟಿಸಿ ನೋಡಿ; ಎಲ್ಲಿ ಭಾರ ವಾಲಿದೆ ಎಂದು ಅದೇ ಹೇಳುತ್ತದೆ.

9. ಹಳಬರ ರೋಗ

ಇಷ್ಟೆಲ್ಲ ಹೇಳಿದ ಮೇಲೆ ಇದನ್ನು ಮುಚ್ಚಿಡಬಾರದು. ಅನುಭವ ಒಂದು ದಾರಿಯನ್ನು ಸವೆಸಿ ಕೊಡುತ್ತದೆ, ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ಎರಡು ವರ್ಷದ ಹಿಂದೆ ಪುಸ್ತಕದಂಗಡಿಯ ಗೆಳೆಯರೊಬ್ಬರು ನನ್ನ ಎಂಟು ಮುಖಪುಟಗಳನ್ನು ಸಾಲಾಗಿ ಜೋಡಿಸಿಟ್ಟು, "ಒಂದೇ ಪುಸ್ತಕದ ಎಂಟು ಸಂಪುಟ ಅಂದ್ಕೊಂಡೆ" ಎಂದು ನಕ್ಕರು. ನಿಜವೇ. ಎಂಟರಲ್ಲೂ ಹರಿದ ಕಾಗದದ ಅಂಚು, ಎಂಟರಲ್ಲೂ ಕಾವಿಮಣ್ಣಿನ ಬಣ್ಣ, ಎಡಗಡೆ ಕೆಳಮೂಲೆಯಲ್ಲಿ ಲೇಖಕರ ಹೆಸರು. ಎಂಟನ್ನೂ ಓದಿಯೇ ಮಾಡಿದ್ದೆ. ಓದಿದ್ದು ಕಣ್ಣು, ಮಾಡಿದ್ದು ಅಭ್ಯಾಸ.

ಇನ್ನು ಆ ಪಂದ್ಯಕ್ಕೆ ಬರೋಣ. ಹುಡುಗಿಯ ಹದಿನಾಲ್ಕರಲ್ಲಿ ಹತ್ತು ಕಸ. ಮೂರು ಎಲ್ಲೋ ನೋಡಿದಂಥವು. ಒಂಬತ್ತನೆಯದು ಮಾತ್ರ ನನ್ನ ಕೈಯಿಂದ ಎಂದೂ ಬರುತ್ತಿರಲಿಲ್ಲ: ಹಳದಿ ಹಿನ್ನೆಲೆಯ ಮೇಲೆ ಬಾಗಿಲಿನ ಮುಂದೆ ಬಿಟ್ಟ ಚಪ್ಪಲಿಗಳು, ಎಲ್ಲವೂ ಬೇರೆಬೇರೆ ಅಳತೆಯವು, ಒಂದು ಒಂಟಿ. ಆ ಕಥೆಗಳಲ್ಲಿ ಪ್ರತಿಯೊಂದರಲ್ಲೂ ಯಾರೋ ಒಬ್ಬರು ಮನೆ ಬಿಟ್ಟು ಹೋಗುತ್ತಾರೆ. ಪುಸ್ತಕ ಓದದೆ ಇದು ಹೇಗೆ ಹೊಳೆಯಿತು ಎಂದು ಕೇಳಿದೆ. "ಮೊದಲನೇ ಕತೆ ಓದಿದ್ದೆ ಸರ್, ಮೆಟ್ರೋದಲ್ಲಿ" ಅಂದಳು.

ಪ್ರಕಾಶಕರು ಅದನ್ನೇ ಆರಿಸಿದರು. ನನ್ನದನ್ನು ಎತ್ತಿ ನೋಡಿ, "ಇದು ನಿಮ್ಮದು ತಾನೆ?" ಎಂದು ಪಕ್ಕಕ್ಕಿಟ್ಟರು. ಹೆಸರಿನ ಅಕ್ಷರಗಳು ಅವಳ ಕರಡಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು, ಒತ್ತುಗಳು ಚಪ್ಪಲಿಗೆ ತಾಗುತ್ತಿದ್ದವು. ಹುಡುಗ ಅದನ್ನು ಕೈಯಲ್ಲೇ ಬರೆದು ಸರಿಮಾಡಿದ. ಹಳದಿ ಅಚ್ಚಿನಲ್ಲಿ ಹಸಿರಿಗೆ ತಿರುಗದಂತೆ ನೋಡಿಕೊಳ್ಳಲು ನಾನು ಪ್ರೆಸ್ಸಿಗೆ ಹೋದೆ.

ಪುಸ್ತಕ ನವೆಂಬರಿನಲ್ಲಿ ಬಿಡುಗಡೆಯಾಯಿತು. 192 ಪುಟ, ಡೆಮಿ 1/8. 'ಮುಖಪುಟ ವಿನ್ಯಾಸ' ಎಂಬಲ್ಲಿ ಅವಳ ಹೆಸರಿದೆ, 'ಶೀರ್ಷಿಕೆ ಬರಹ' ಎಂಬಲ್ಲಿ ಅವನದು. ನನ್ನ ಹೆಸರು ಎಲ್ಲೂ ಇಲ್ಲ. ಬೆನ್ನು 9 ಮಿಲಿಮೀಟರು. ಡಮ್ಮಿ ತರಿಸಿ ಅಳೆದವನು ನಾನು.